ಬೋರಲಿಟ್ಟ ಬೋಗಣಿಗಳು

೧೯೭೩ನೆಯ ಇಸವಿ, ಆಗಸ್ಟ್ ೧೪, ಮಂಗಳವಾರ. ನನ್ನ ದಿನಚರಿಯ ಆ ಪುಟ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ: "ಕೊಟ್ಟದ್ದನ್ನು ತಮ್ಮ ಹಕ್ಕು ಎಂದು ತಿಳಿಯುವವರಿಗೆ ಕೊಡುತ್ತಲೇ ಇರುವುದು ಧರ್ಮವೇ?"

ಪ್ರಶ್ನೆ ಕೇಳಿದವರು ನಮ್ಮೂರ ಹೈಸ್ಕೂಲಿನ ಗಣಿತದ ಮಾಸ್ತರರಾದ ಸಂಗನಬಸಯ್ಯನವರು. ಕೇಳಿದ್ದು ನಮ್ಮ ಮಠದ ಸ್ವಾಮಿಗಳಾದ ಅಜ್ಜನವರನ್ನು. ಶ್ರಾವಣದ ಪ್ರವಚನ ಮುಗಿದು ಜನ ಎದ್ದು ಹೋದ ಮೇಲೆ ನಾವು ಐದಾರು ಮಂದಿ ಉಳಿದಿದ್ದೆವು. ಉತ್ತರವಾಗಿ ಅಜ್ಜನವರು ಒಂದು ಕತೆ ಹೇಳಿದರು. ಅವರು ಹೇಳಿದ್ದು ಆಡುಮಾತಿನಲ್ಲಿ. ಮನೆಗೆ ಬಂದವಳೇ ನಾನು ಅದನ್ನು ಬರವಣಿಗೆಯ ಕನ್ನಡದಲ್ಲಿ ಬರೆದಿಟ್ಟೆ. ಕತೆಯೊಳಗಿನ ಜನ ಆಡಿದ ಮಾತನ್ನು ಮಾತ್ರ ತಿದ್ದಲಿಲ್ಲ. ಬಿ.ಎ. ಓದಿದವಳೆಂಬ ಧೈರ್ಯದಿಂದ ಕೊನೆಗೆ ಒಂದು ಸಾಲು ತಾತ್ಪರ್ಯ ಬರೆಯಲು ಹೊರಟೆ. ಬರೆದೆ, ಹೊಡೆದು ಹಾಕಿದೆ. ಮತ್ತೆ ಬರೆದೆ, ಅದೂ ಸರಿ ಕಾಣಲಿಲ್ಲ. ನನ್ನ ದಿನಚರಿಗಳಲ್ಲಿ ಕಾಟು ಬಿದ್ದ ಪುಟ ಅಪರೂಪ, ಇದು ಅಂಥದೊಂದು. ಆದ್ದರಿಂದ ತಾತ್ಪರ್ಯ ಬಿಟ್ಟು ಕತೆಯನ್ನಷ್ಟೇ ಇಲ್ಲಿ ಕೊಡುತ್ತೇನೆ.

ಮೊದಲು ಪ್ರಶ್ನೆ ಯಾಕೆ ಹುಟ್ಟಿತೆಂಬುದನ್ನು ಹೇಳಬೇಕು. ಆ ವರ್ಷ ಹೊಳೆ ಉಕ್ಕಿ ಹತ್ತಿರದ ಒಂದು ಹಳ್ಳಿ ಪೂರ್ತಿ ಮುಳುಗಿತ್ತು. ಅಲ್ಲಿಯ ಜನರನ್ನು ಹೈಸ್ಕೂಲಿನ ಕೋಣೆಗಳಲ್ಲಿ ಇರಿಸಿ, ನಮ್ಮೂರವರೆಲ್ಲ ಕೂಡಿ ಗಂಜಿ ಕೇಂದ್ರ ನಡೆಸುತ್ತಿದ್ದೆವು. ಅದರ ಹೊಣೆ ಮಾಸ್ತರರದು. ಮನೆಮನೆ ತಿರುಗಿ ಅಕ್ಕಿ ಬೇಳೆ ಕೂಡಿಸಿದವರು ಅವರು. ಸೌದೆ ಹಸಿಯಾಗಿದ್ದರೆ ಒಲೆಯ ಮುಂದೆ ಕುಳಿತು ಊದಿದವರೂ ಅವರೇ. ಮರುದಿನ ಧ್ವಜಾರೋಹಣ ಮುಗಿದ ಮೇಲೆ ಊರ ಹಿರಿಯರು ಸೇರಿ, ಆ ಒಲೆಯನ್ನು ಉರಿಸಬೇಕೋ ಆರಿಸಬೇಕೋ ಎಂದು ತೀರ್ಮಾನಿಸುವವರಿದ್ದರು. ಮಾಸ್ತರರು ಹೇಳಿದಂತೆ ಆಗಲಿ ಎಂದು ಎಲ್ಲರೂ ಮೊದಲೇ ಒಪ್ಪಿದ್ದರು. ಮಾಸ್ತರರಿಗೆ ಮಾತ್ರ ಏನು ಹೇಳಬೇಕೋ ತಿಳಿದಿರಲಿಲ್ಲ.

"ಅಜ್ಜಾರ, ಮದಲನೇ ದಿನ ತಲಿ ತಗ್ಗಿಸಿ ಉಂಡ್ರು," ಎಂದರು ಮಾಸ್ತರರು. "ಈಗ ಗಂಗಾಳ ಬಡೀತಾರ. ನಿನ್ನೆ ಒಬ್ಬಾಂವ ಏನಂದ ಗೊತ್ತೈತ್ರಿ? 'ಮಾಸ್ತರ, ದಿನಾ ಅನ್ನ ಹಾಕಿ ಹೊಟ್ಟಿ ಕೆಡಿಸೀರಿ. ರೊಟ್ಟಿ ಮಾಡೋ ದಿನ ಯಾವುದು ಹೇಳಿಬಿಡ್ರಿ, ಅವತ್ತ ಹಸಿವು ಇಟಗೊಂಡು ಬರ್ತೀನಿ' ಅಂದ. ಕುಂತಾವರೆಲ್ಲ ಬಿದ್ದು ಬಿದ್ದು ನಕ್ಕರು."

ಅಜ್ಜನವರೂ ನಕ್ಕರು. "ನೀ ನಗಲಿಲ್ಲೇನು?"

"ನನಗ ನಗಿ ಬರಲಿಲ್ರಿ. ನೀರು ಇಳಿದು ವಾರದ ಮ್ಯಾಲಾತು. ಹೋಗಿ ಹೊಲ ಮನಿ ನೋಡಿಕೊಳ್ರಪಾ ಅಂದ್ರ, 'ನೋಡೂದು ಏನ ಉಳದೈತಿ' ಅಂತ ಸಾಲಿ ಕಟ್ಟಿ ಮ್ಯಾಲ ಕುಂತು ಚೌಕಾಬಾರಾ ಆಡ್ತಾರ. ಕೈ ಮುಗೀರಿ ಅಂತ ನಾ ಯಾರಿಗೂ ಕೇಳಿಲ್ಲ. ಆದರ ಒಬ್ಬರ ಬಾಯಾಗರ ಒಂದ ಛಲೋ ಮಾತು ಬ್ಯಾಡೇನ್ರಿ? ಕೊಟ್ಟದ್ದ ತಪ್ಪಾತೋ, ಕೊಡೂದು ಬಿಟ್ರ ತಪ್ಪಾಗತೈತೋ, ನನಗೊಂದೂ ತಿಳೀವಲ್ದು. ಕೊಟ್ಟದ್ದು ತಮ್ಮ ಹಕ್ಕು ಅಂತ ತಿಳಿಯೋರಿಗೆ ಕೊಡ್ತಾನ ಇರೂದು ಧರ್ಮ ಹೌದೇನ್ರಿ?"

ಅಜ್ಜನವರು ಕತೆ ತೆಗೆದರು.

ಹೊಳೆಯ ದಡದ ಮೇಲೆ ಎತ್ತರದಲ್ಲಿ ಒಂದು ಪೇಟೆ ಇತ್ತು. ಅಲ್ಲಿ ಒಬ್ಬ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ. ತೂಕದಲ್ಲಿ ಕೈ ಆಡಿಸಿದವನಲ್ಲ. ಪೇಟೆಯ ಕೆಳಗೆ ತಗ್ಗಿನಲ್ಲಿ ಒಂದು ಸಣ್ಣ ಹಳ್ಳಿ ಇತ್ತು. ಎಲ್ಲರೂ ಒಕ್ಕಲು ಮಕ್ಕಳು. ತಾವು ಬೆಳೆದದ್ದನ್ನು ಅವನ ಅಂಗಡಿಗೇ ತರುತ್ತಿದ್ದರು.

ಒಂದು ಶ್ರಾವಣದಲ್ಲಿ ಹೊಳೆ ಬಂತು. ಹಳ್ಳಿಯ ಮನೆಗಳು ಬಿದ್ದವು. ಕಾಳುಕಡಿ ತೇಲಿ ಹೋಯಿತು. ಜನ ದಿಬ್ಬ ಹತ್ತಿ ಜೀವ ಉಳಿಸಿಕೊಂಡರು. ನೀರಿಳಿದ ಮೇಲೆ ಬಂದು ನೋಡಿದರೆ ಊರಿದ್ದ ಕಡೆ ಕೆಸರಿತ್ತು.

ವ್ಯಾಪಾರಿ ಯಾರೂ ಕೇಳುವ ಮೊದಲೇ ಉಗ್ರಾಣದ ಬಾಗಿಲು ತೆಗೆದ. ಮನೆಯಲ್ಲೇ ಅಡಿಗೆ ಮಾಡಿಸಿದ. ಮದುವೆ ಮುಂಜಿಗೆಂದು ಅವನ ಮನೆಯ ಅಟ್ಟದ ತುಂಬ ಹಿತ್ತಾಳೆಯ ಬೋಗಣಿಗಳಿದ್ದವು. ಅವುಗಳ ಅಂಚಿನ ಮೇಲೆ ಅವನ ತಂದೆಯ ಹೆಸರು ಕೆತ್ತಿತ್ತು. ಅವನ್ನು ಇಳಿಸಿ, ಒಂದೊಂದು ಮನೆಗೆ ಒಂದೊಂದು ಬೋಗಣಿಯಂತೆ ನುಚ್ಚು ತುಂಬಿ ಗಾಡಿಯಲ್ಲಿ ಕಳಿಸಿದ.

ಸಂಜೆ ಗಾಡಿ ಬರಿದಾಗಿ ಬಂತು.

"ಬೋಗಣಿ ಎಲ್ಲಿ?" ಎಂದು ವ್ಯಾಪಾರಿ ಗಾಡಿಯವನನ್ನು ಕೇಳಿದ.

"ಕೊಡಲಿಲ್ರಿ ಸಾವಕಾರ್ರ."

"ಕೇಳಿದಿಯೇನು?"

"ಕೇಳಿದ್ನಿರಿ. 'ಇರಲಿ, ಕೊಡ್ತೀವಿ' ಅಂದ್ರು. ಕಸಗೊಂಡು ಬರಲೇನ್ರಿ?"

"ಮತ್ತೇನರ ಅಂದ್ರೇನು? ಪುಣ್ಯಾತ್ಮ ನೆನಪಿಟ್ಟ, ಅಂತ ಏನರ?"

"ಏನೂ ಅನಲಿಲ್ರಿ. ಎರಡೂ ಕೈಲೆ ಇಸಗೊಂಡ್ರು. ನನ್ನ ಮಾರಿ ಸೈತ ಯಾರೂ ನೋಡಲಿಲ್ಲ. ಹಂಗ ನೋಡಿದ್ರ ನನ್ನ ಮಾರಿ ಮದಲ ನೋಡೂ ಹಂಗಿಲ್ಲ, ಆ ಮಾತು ಬ್ಯಾರೆ."

ವ್ಯಾಪಾರಿ ನಕ್ಕು ಬಿಟ್ಟ. ದುಃಖದಲ್ಲಿ ಇದ್ದಾರೆ, ಮರೆತಿರಬೇಕು ಎಂದುಕೊಂಡ. ಮರುದಿನ ಬೇರೆ ಬೋಗಣಿಗಳನ್ನು ಇಳಿಸಿದ. ಅವೂ ಬರಲಿಲ್ಲ. ಅಟ್ಟ ಖಾಲಿಯಾಯಿತು. ಆಮೇಲೆ ಅಡಿಗೆ ಮನೆಯ ಪಾತ್ರೆಗಳು ಹೋದವು. ಅವೂ ಬರಲಿಲ್ಲ. ಆಗ ಅವನ ತಲೆಯೊಳಗೆ ಒಂದು ಮಾತು ಹೊಕ್ಕಿತು. ಉಂಡವರು ಬಾಯಿ ಬಿಟ್ಟು ಒಂದು ಮಾತು ಆಡುವುದಿಲ್ಲ. ಪಾತ್ರೆ ಕೊಟ್ಟು ಕಳಿಸುವುದಿಲ್ಲ. ಇವರು ಎಂಥ ಜನ?

ಅವನು ತಾನೇ ಗಾಡಿ ಹತ್ತಿ ಹಳ್ಳಿಗೆ ಹೋದ.

ಜನ ಗೋಣಿತಾಟಿನ ನೆರಳಿನಲ್ಲಿದ್ದರು. ಗಂಡಸರು ಹೊಲದಲ್ಲಿ ಬಿದ್ದ ಹೊಳೆಯ ಮರಳನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕುತ್ತಿದ್ದರು. ಹೆಂಗಸರು ಬಿತ್ತನೆಗೆ ಮಡಿ ಕಟ್ಟುತ್ತಿದ್ದರು. ಪ್ರತಿ ಗೋಣಿತಾಟಿನ ಕೆಳಗೂ ಒಂದು ಕಲ್ಲು. ಕಲ್ಲಿನ ಮೇಲೆ ಅವನ ಬೋಗಣಿಗಳು. ಬೂದಿ ಹಾಕಿ ತಿಕ್ಕಿ, ತೊಳೆದು, ಬೋರಲು ಇಟ್ಟಿದ್ದರು. ತಮ್ಮ ನೀರನ್ನು ಒಡಕು ಗಡಿಗೆಯಲ್ಲಿ ಕುಡಿಯುತ್ತಿದ್ದರು. ಅವನ ಬೋಗಣಿಯಲ್ಲಿ ನೀರು ಕೂಡ ತುಂಬಿರಲಿಲ್ಲ.

ವ್ಯಾಪಾರಿಗೆ ಇದರ ತಲೆಬುಡ ತಿಳಿಯಲಿಲ್ಲ. ಬಳಸುವುದಿಲ್ಲ. ಕೊಡುವುದೂ ಇಲ್ಲ. ಇನ್ನು ಉಳಿದದ್ದು ಒಂದೇ: ಮಾರುವುದಕ್ಕೆ ಇಟ್ಟಿದ್ದಾರೆ.

ಅಲ್ಲಿ ಒಬ್ಬ ಮುದುಕಿ ತನ್ನ ಸೆರಗಿನ ಗಂಟು ಬಿಚ್ಚಿ, ಉಳಿದ ಒಂದು ಹಿಡಿ ಮೆಂತ್ಯೆ ಬೀಜವನ್ನು ಮಡಿಗೆ ಚೆಲ್ಲುತ್ತಿದ್ದಳು. ವ್ಯಾಪಾರಿ ಅವಳ ಮುಂದೆ ನಿಂತ.

"ಯವ್ವಾ, ನನ್ನ ಬೋಗಣಿ ಯಾಕ ಕೊಡವೊಲ್ಲಿ?"

"ಕೊಡ್ತೀನಿ ಯಪ್ಪಾ, ತಡಿ."

"ಯಾವಾಗ?"

"ಕೊಡೂ ಹಂಗ ಆದಾಗ."

"ಈಗೇನು ಕೈ ಬಿದ್ದಾವೇನು?"

ಮುದುಕಿ ತನ್ನ ಕೈಗಳನ್ನು ನೋಡಿಕೊಂಡಳು. ಎರಡೂ ಅಂಗೈ ತಿರುಗಿಸಿ ಅವನಿಗೆ ತೋರಿಸಿದಳು. ಮಣ್ಣು ಬಿಟ್ಟರೆ ಬೇರೇನಿರಲಿಲ್ಲ. "ನೋಡಿದಿಯಲ್ಲ," ಎಂದಳು. ಅಷ್ಟೇ ಹೇಳಿ ಮತ್ತೆ ಬೀಜಕ್ಕೆ ಬಗ್ಗಿದಳು.

ವ್ಯಾಪಾರಿ ಇದನ್ನು ಕುಚೋದ್ಯ ಎಂದುಕೊಂಡ.

ಮನೆಗೆ ಬಂದು ಊಟಕ್ಕೆ ಕುಳಿತ. ಅಡಿಗೆ ಮನೆಯ ಮಾಡದಲ್ಲಿ ಒಂದು ಡಬರಿ ಕಂಡಿತು. ಅದು ಅವನ ಮನೆಯದಲ್ಲ.

"ಇದು ಯಾರದು?" ಎಂದು ಹೆಂಡತಿಯನ್ನು ಕೇಳಿದ.

"ಬಾಜೂ ಮನಿಯಾಕಿದು. ಪಂಚಮಿಗೆ ಉಂಡಿ ಕಳಿಸಿದ್ದಳು."

"ಪಂಚಮಿ ಮುಗಿದು ಎಷ್ಟು ದಿನ ಆತು? ಮಂದಿ ಭಾಂಡಿ ಮನಿಯಾಗ ಇಟಗೊಂಡು ಕುಂದರೂದೇನು? ಕಳಿಸಿಬಿಡು."

ಹೆಂಡತಿ ಅವನನ್ನು ಹುಚ್ಚನಂತೆ ನೋಡಿದಳು. "ಹೆಂಗ ಕಳಿಸಲಿ? ಬೆಲ್ಲ ಬ್ಯಾಳಿ ಎಲ್ಲಾ ನಿಮ್ಮ ಗಾಡಿ ಹತ್ತಿ ಹೋತು. ತುಂಬಿ ಬಂದ ಡಬರಿ ಬರಿದ ತಿರುಗಿ ಕಳಿಸಲೇನು? ನನಗೇನು ರೀತಿ ರಿವಾಜು ಇಲ್ಲೇನು? ಒಂದು ಚೂರು ಬೆಲ್ಲರ ತಂದು ಕೊಡ್ರಿ, ಹಾಕಿ ಕಳಿಸ್ತೀನಿ. ಅಲ್ಲೀತನಕ ಅದು ಅಲ್ಲೇ ಇರಲಿ."

"ಹೌದಲ್ಲ," ಎಂದ ವ್ಯಾಪಾರಿ. "ಬರಿದ ಹೆಂಗ ಕಳಿಸೂದು? ನಾಳೆ ಬೆಲ್ಲ ತರಿಸ್ತೀನಿ." ಕೈ ತೊಳೆದು ಎದ್ದ.

ಇಲ್ಲಿಗೆ ಬಂದಾಗ ಮಾಸ್ತರರು ಕುಳಿತಲ್ಲೇ ಮುಂದೆ ಸರಿದರು. "ಅಜ್ಜಾರ, ಹಂಗಾದ್ರ ಹಳ್ಳ್ಯಾಗಿನವ್ರೂ ತುಂಬಿ ಕೊಡಬೇಕಂತ—"

ಅಜ್ಜನವರು ಕೈ ಎತ್ತಿ ತಡೆದರು. "ನಿನಗ ತಿಳೀತು. ಅವನಿಗೆ ತಿಳೀಲಿಲ್ಲ."

"ಮನಿಯಾಗ ಅದ ರೂಢಿ ಇತ್ತಲ್ರಿ? ಹೆಂಗ ತಿಳೀಲಿಲ್ಲ?"

"ಬಾಜೂ ಮನಿಯಾಕಿ ಅವನಿಗೆ ಸರೀಕಳು. ಹಳ್ಳ್ಯಾಗಿನವ್ರು ಬರೇ ಹಸಿದವ್ರು. ಹಸಿದವರಿಗೂ ಒಂದು ರೂಢಿ ಇರತೈತಿ ಅಂತ ಅವನ ಮನಸಿನ್ಯಾಗ ಬರಲಿಲ್ಲ."

"ಅವರರ ಹೇಳಬಾರದೇನ್ರಿ?"

"ಬಾಯಿ ಬಿಟ್ಟು ಹೆಂಗ ಹೇಳ್ತಾರ? ನಿನ್ನ ಪಾತ್ರಿ ತುಂಬಿ ಕೊಡ್ತೀನಿ, ತಡಿ, ಅಂತ ಯಾರರ ಅಂತಾರೇನು? ಅಂದ್ರ ಅದು ಬಡಾಯಿ ಆಗತೈತಿ. ಮುಂದ ಕೇಳು."

ಮರುದಿನ ವ್ಯಾಪಾರಿ ಆಳುಗಳನ್ನು ಕಳಿಸಿದ. ಬೋಗಣಿಗಳನ್ನೆಲ್ಲ ಎಣಿಸಿ ತನ್ನಿ, ಒಂದೂ ಬಿಡಬೇಡಿ ಎಂದ. ಆಳುಗಳು ಪ್ರತಿ ಕಲ್ಲಿನ ಮೇಲಿನ ಬೋಗಣಿ ಎತ್ತಿ ಗಾಡಿಗೆ ಹಾಕಿದರು. ಯಾರೂ ತಡೆಯಲಿಲ್ಲ. ಗಂಡಸರು ಬುಟ್ಟಿ ಕೆಳಗಿಟ್ಟು ನಿಂತು ನೋಡಿದರು.

ಮುದುಕಿ ಮಾತ್ರ ಗಾಡಿಯ ಹಿಂದೆ ಓಡಿದಳು. ದಾರಿಯ ಬದಿಯಲ್ಲಿ ಚಿಗುರಿದ್ದ ಒಂದು ಹಿಡಿ ಗರಿಕೆ ಕಿತ್ತು, ತನ್ನ ಕಲ್ಲಿನ ಮೇಲಿದ್ದ ಬೋಗಣಿಯೊಳಗೆ ಹಾಕಿದಳು. ಬರಿದು ಹೋಗಬಾರದೆಂದು ಹಾಕಿದಳು. ಆಳು ಅದನ್ನು ತೆಗೆದು ಹೊರಗೆ ಎಸೆದ.

"ತಿಕ್ಕಿದ ಭಾಂಡಿಯೊಳಗ ಕಸ ಯಾಕ ಹಾಕ್ತೀ ಮುದುಕಿ? ಹೊಟ್ಟಿಕಿಚ್ಚಿಗೂ ಒಂದು ಮಿತಿ ಬೇಕು," ಎಂದ.

ಅಂದಿನಿಂದ ವ್ಯಾಪಾರಿ ಪದ್ಧತಿ ಬದಲಿಸಿದ. ದೊಡ್ಡ ಹಂಡೆಯಲ್ಲಿ ನುಚ್ಚು ಕಳಿಸಿದ. ಗಾಡಿಯ ಮುಂದೆ ಸಾಲಾಗಿ ನಿಂತು ಎಲೆಯಲ್ಲಿ ಹಾಕಿಸಿಕೊಳ್ಳಬೇಕು. ಉಂಡು ಎಲೆ ಎಸೆದರೆ ಮುಗಿಯಿತು. ಎರಡು ಕಡೆಗೂ ತೊಂದರೆ ಇಲ್ಲ ಎಂದು ಅವನು ತಿಳಿದ.

ಎಂಟು ದಿನ ಕಳೆದ ಮೇಲೆ ಒಂದು ಸಂಜೆ ಗಾಡಿಯವನು ಬೆವರು ಒರೆಸಿಕೊಳ್ಳುತ್ತ ಬಂದ.

"ಏನಾತೋ?"

"ಈಗ ಮಾತಾಡಾಕ ಹತ್ಯಾರ್ರಿ ಸಾವಕಾರ್ರ. ನೀವು ಮಾತು ಕೇಳಬೇಕಂತಿದ್ರಲ್ಲ? ಬರ್ರಿ, ನಾಳೆ ನೀವ ಬಂದು ಕೇಳ್ರಿ. ನನ್ನ ಕಿವಿ ತುಂಬ್ಯಾವು."

ವ್ಯಾಪಾರಿ ಹೋದ. ಅದೇ ಜನ. ಮೊದಲು ಮುಖ ನೋಡದವರು ಈಗ ಗಾಡಿಯ ಮೂಕಿಗೇ ಕೈ ಹಾಕಿದ್ದರು. ನಿನ್ನೆಗಿಂತ ಕಡಿಮೆ ಎಂದು ಒಬ್ಬ. ಉಪ್ಪಿಲ್ಲ ಎಂದು ಒಬ್ಬ. ಸಾವಕಾರನ ಮನೆಯಲ್ಲೂ ಇದೇ ನುಚ್ಚು ಉಣ್ಣುತ್ತಾರೇನು ಎಂದು ಇನ್ನೊಬ್ಬ. ಹೊಲದಲ್ಲಿ ಬುಟ್ಟಿಗಳು ಬಿದ್ದಲ್ಲೇ ಬಿದ್ದಿದ್ದವು. ಅರ್ಧ ತೆಗೆದ ಮರಳು ಅರ್ಧಕ್ಕೇ ನಿಂತಿತ್ತು. ಬೀಜ ಬಿತ್ತಿದ ಮಡಿಗಳಲ್ಲಿ ಮೆಂತ್ಯೆಯ ಜೊತೆ ಕಳೆಯೂ ಎದ್ದಿತ್ತು. ಮುದುಕಿಯ ಮಡಿಯೊಂದನ್ನು ಬಿಟ್ಟರೆ ಕೀಳುವವರಿರಲಿಲ್ಲ.

ವ್ಯಾಪಾರಿ ಊರ ಗೌಡನನ್ನು ಕರೆದ. "ಗೌಡ್ರ, ಏನಾಗೇತಿ ಈ ಮಂದಿಗೆ? ಮೊನ್ನೆ ತನಕ ಮರ್ಯಾದಿ ಇತ್ತು, ದುಡಿಮಿ ಇತ್ತು. ನಾ ಏನ ಕಡಿಮಿ ಮಾಡಿದೆ?"

ಗೌಡ ನೆಲ ನೋಡುವುದನ್ನು ಬಿಟ್ಟು ನೇರವಾಗಿ ಅವನ ಮುಖ ನೋಡಿದ. "ನೀವೇನೂ ಕಡಿಮಿ ಮಾಡಿಲ್ರಿ ಸಾವಕಾರ್ರ. ನಿಮ್ಮ ಬೋಗಣಿ ನಿಮಗ ಮುಟ್ಟಿದ್ವು. ಅಲ್ಲಿಗೆ ಕೊಡಕೊಳ್ಳೂದು ಮುಗೀತು. ಈಗ ನೀವು ನೀಡಾವ್ರು, ನಾವು ಬೇಡಾವ್ರು. ಬೇಡಾವ್ರು ಮೆಲ್ಲಕ ಬೇಡಿದ್ರ ಯಾರು ಕೇಳ್ತಾರ್ರಿ? ಗಟ್ಟಿಯಾಗೇ ಬೇಡಬೇಕು."

ವ್ಯಾಪಾರಿ ದಾರಿಯುದ್ದಕ್ಕೂ ಈ ಮಾತನ್ನು ತಿರುಗಿಸಿ ನೋಡಿದ. ಬೋಗಣಿ ಒಯ್ದದ್ದಕ್ಕೆ ಇವರಿಗೆ ಬೇಸರವಾಗಿದೆ ಎಂಬಷ್ಟು ಅವನಿಗೆ ತಿಳಿಯಿತು. ಅಂದರೆ ಇವರಿಗೆ ಬೋಗಣಿ ಬೇಕಾಗಿತ್ತು. ಎಲ್ಲವನ್ನೂ ಕಳೆದುಕೊಂಡವರಿಗೆ ಒಂದು ಪಾತ್ರೆಯ ಮೇಲೆ ಆಸೆ ಇರದೆ ಇರುತ್ತದೆಯೇ? ಬಾಯಿ ಬಿಟ್ಟು ಕೇಳಲು ನಾಚಿದರು. ನಾನು ತಿಳಿದುಕೊಳ್ಳಲಿಲ್ಲ. ಹೀಗೆಂದು ಅವನು ನೊಂದುಕೊಂಡ. ನಿಜವಾಗಿಯೂ ನೊಂದುಕೊಂಡ.

ಮಾರನೆಯ ದಿನ ಬೋಗಣಿಗಳನ್ನೆಲ್ಲ ಗಾಡಿಗೆ ಹೇರಿ ತಾನೇ ಒಯ್ದ. ಒಂದೊಂದು ಮನೆಯವರ ಕೈಗೆ ಒಂದೊಂದು ಕೊಟ್ಟು, "ಇದು ದಾನ. ನಿಮ್ಮದ. ತಿರುಗಿ ಕೊಡೂದು ಬ್ಯಾಡ," ಎಂದ. ಜನ ತೆಗೆದುಕೊಂಡರು. ಮುದುಕಿ ತೆಗೆದುಕೊಳ್ಳಲಿಲ್ಲ. ಆಳು ಗರಿಕೆ ಎಸೆದ ದಿನದಿಂದ ಅವಳು ಗಾಡಿಯ ಹತ್ತಿರ ಊಟಕ್ಕೂ ಬಂದಿರಲಿಲ್ಲ. ಹೊಳೆಯ ಬದಿಯಲ್ಲಿ ಸಿಕ್ಕ ಸೊಪ್ಪುಸದೆ ಕುದಿಸಿ ಕುಡಿದು, ತನ್ನ ಮಡಿಯ ಕಳೆ ಕೀಳುತ್ತಿದ್ದಳು. ವ್ಯಾಪಾರಿ ಅವಳ ಬೋಗಣಿಯನ್ನು ಮನೆಗೆ ತಂದು ಬೇರೆ ಇಟ್ಟ.

ಮುಂದಿನ ಸಂತೆಯ ದಿನ ಅವನು ಸಂತೆಯಲ್ಲಿ ನಡೆಯುತ್ತಿದ್ದ. ಹಳೆ ಹಿತ್ತಾಳೆ ಕೊಳ್ಳುವವನ ಮುಂದೆ ಬೋಗಣಿಗಳ ರಾಶಿ ಇತ್ತು. ಬಗ್ಗಿ ನೋಡಿದ. ಅಂಚಿನ ಮೇಲೆ ತನ್ನ ತಂದೆಯ ಹೆಸರು.

ಸಂತೆಯಲ್ಲೇ ಗೌಡ ಸಿಕ್ಕ. ವ್ಯಾಪಾರಿ ಅವನನ್ನು ತಡೆದ. "ಗೌಡ್ರ, ನನ್ನವು ಇದ್ದಾಗ ದೇವರ ಹಂಗ ತೊಳೆದು ಇಟಗೊಂಡಿದ್ರಿ. ನಿಮ್ಮವು ಅಂತ ಕೊಟ್ಟ ಮ್ಯಾಲ ಮಾರಿದ್ರಿ. ಇದು ಯಾವ ಊರ ನ್ಯಾಯ?"

"ನಿಮ್ಮವು ಇದ್ದಾಗ ಕಾಯ್ದೆವ್ರಿ," ಎಂದ ಗೌಡ. "ನಮ್ಮವು ಅಂದ ಮ್ಯಾಲ ಕಾಯೂದು ಯಾರಿಗೆ? ಅದರಾಗ ಬೇಸಾಕ ನಮ್ಮ ಮನಿಯಾಗ ಏನೈತಿ?"

ವ್ಯಾಪಾರಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವಾಯಿತು. ಕೊಟ್ಟರೆ ಮೌನ. ಕೇಳಿದರೆ ಕುಚೋದ್ಯ. ಒಯ್ದರೆ ಬೈಗುಳ. ದಾನ ಮಾಡಿದರೆ ಸಂತೆಯಲ್ಲಿ ಮಾರಾಟ. ತಾನು ಯಾವ ಕಡೆಯಿಂದ ತಪ್ಪಿದೆ ಎಂದು ಅವನು ಹಲವರನ್ನು ಕೇಳಿದ. ಪೇಟೆಯ ಜನ, "ಆ ಮಂದಿನ ಹಂಗ," ಎಂದರು. ಆ ಉತ್ತರ ಅವನಿಗೆ ಸಮಾಧಾನ ಕೊಡಲಿಲ್ಲ. ಆದರೂ ಬೇರೆ ಉತ್ತರ ಇರಲಿಲ್ಲವಾದ್ದರಿಂದ ಅದನ್ನೇ ಇಟ್ಟುಕೊಂಡ. ಗಾಡಿ ನಿಲ್ಲಿಸಿದ.

ಹಳ್ಳಿಯಲ್ಲಿ ಕೆಲವರು ಕೂಲಿ ಹುಡುಕಿ ಬೇರೆ ಊರಿಗೆ ಹೋದರು. ಕೆಲವರು ಪೇಟೆಯ ಬೇರೆ ಬಾಗಿಲುಗಳ ಮುಂದೆ ನಿಂತರು. ನಿಂತು ಕೇಳುವುದು ಅಷ್ಟರಲ್ಲಿ ರೂಢಿಯಾಗಿತ್ತು.

ದಿನಗಳು ಕಳೆದವು. ಒಂದು ಮುಂಜಾನೆ ಮುದುಕಿ ವ್ಯಾಪಾರಿಯ ಮನೆಯ ಮುಂದೆ ಬಂದಳು. ಸೆರಗಿನಲ್ಲಿ ಒಂದು ಗಂಟು. ಮೊದಲಿಗಿಂತ ಸಣ್ಣಗಾಗಿದ್ದಳು.

"ನನ್ನ ಹತ್ರ ಇದ್ದ ಬೋಗಣಿ ಕೊಡು ಯಪ್ಪಾ," ಎಂದಳು.

ವ್ಯಾಪಾರಿಗೆ ಸಂತೋಷವಾಯಿತು. ಎಲ್ಲರಿಗೂ ಸಿಕ್ಕದ್ದು ತನಗೂ ಸಿಗಲಿ ಎಂದು ಕಡೆಗೂ ಬಂದಳು ಎಂದುಕೊಂಡ. ಒಳಗೆ ಹೋಗಿ ಬೋಗಣಿ ತಂದು ಅವಳ ಕೈಗೆ ಕೊಟ್ಟ. "ತಗೋ ಯವ್ವಾ. ನಿನಗ ಬರಬೇಕಾದ್ದು."

ಮುದುಕಿ ಕಟ್ಟೆಯ ಮೇಲೆ ಬೋಗಣಿ ಇಟ್ಟಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎಳೆ ಮೆಂತ್ಯೆ ಸೊಪ್ಪು ಇತ್ತು. ಬೇರಿನ ಮಣ್ಣು ತೊಳೆದು ತಂದಿದ್ದಳು. ಅದನ್ನು ಬೋಗಣಿಗೆ ತುಂಬಿದಳು. ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದಳು.

"ಈಗ ಕೊಡೂ ಹಂಗ ಆತು," ಎಂದಳು.

ವ್ಯಾಪಾರಿಗೆ ಆಗ ಎಲ್ಲ ತಿಳಿಯಿತು. ಕಲ್ಲಿನ ಮೇಲೆ ಬೋರಲಿಟ್ಟ ಬೋಗಣಿಗಳು, ಮರಳು ಹೊತ್ತ ಬುಟ್ಟಿಗಳು, ಗರಿಕೆ, ಗೌಡನ ಮಾತು, ಎಲ್ಲ ಒಟ್ಟಿಗೆ ತಿಳಿಯಿತು. ಅವನ ಕಣ್ಣಲ್ಲಿ ನೀರು ಬಂತು. ಮುದುಕಿಯ ಗಂಟಲಿನ ಎಲುಬು ಕಾಣುತ್ತಿತ್ತು. ಇವಳು ಹಸಿದಿದ್ದಾಳೆ, ಇವಳ ಬಾಯಿಯ ತುತ್ತನ್ನು ನಾನು ತೆಗೆದುಕೊಳ್ಳಲೇ ಎಂದು ಅವನ ಜೀವ ಕರಗಿತು.

"ಬ್ಯಾಡ ಯವ್ವಾ," ಎಂದ. "ಮೆಂತ್ಯೆ ನಮ್ಮ ಹಿತ್ತಲದಾಗ ಬೇಕಾದಷ್ಟು ಐತಿ. ನೀನ ಉಣ್ಣು. ಇದನ್ನ ತಗೊಂಡ್ರ ಶಿವ ಮೆಚ್ಚೂದಿಲ್ಲ."

ಮುದುಕಿ ಬೋಗಣಿ ಹಿಡಿದುಕೊಂಡೇ ನಿಂತಳು. "ತಗೊಳ್ಳೂದಿಲ್ಲೇನು?"

"ನೀ ಉಂಡರ ನಾ ಉಂಡಂಗ."

"ಹಂಗಾದ್ರ ನಾ ಉಂಡದ್ದನ್ನ ಎಲ್ಲಿ ಇಡಲಿ ಯಪ್ಪಾ?"

"ಅದನ್ನ ಮರತಬಿಡು."

ಮುದುಕಿ ಸೊಪ್ಪನ್ನು ತಿರುಗಿ ಸೆರಗಿಗೆ ಹಾಕಿಕೊಂಡಳು. ಬೋಗಣಿಯನ್ನು ಕಟ್ಟೆಯ ಮೇಲೆ ಬೋರಲು ಇಟ್ಟಳು. ಹೋಗುವಾಗ ದಾರಿಯಲ್ಲಿ ಯಾರದೋ ಎಮ್ಮೆ ಕಟ್ಟಿತ್ತು. ಸೊಪ್ಪನ್ನು ಅದರ ಮುಂದೆ ಸುರಿದು ಹೋದಳು.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು.

ಮಾಸ್ತರರು ಬಹಳ ಹೊತ್ತು ಕಾದರು. ಕತೆ ಮುಗಿದಿದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಅಜ್ಜಾರ, ತಪ್ಪು ತಿಳೀಬ್ಯಾಡ್ರಿ," ಎಂದರು ಕೊನೆಗೆ. "ಮದಲಿನವೆಲ್ಲ ಅವನ ತಪ್ಪು, ಒಪ್ಪಿದೆ. ತಿಳೀಲಾರದ ಮಾಡಿದ. ಆದರ ಕಡೀಕ ತಿಳಿದ ಮ್ಯಾಲ ಮಾಡಿದ್ದರಾಗ ತಪ್ಪು ಏನೈತಿ? ಹಸಿದ ಮುದುಕಿ ತಂದದ್ದನ್ನ ಇಸಗೊಂಡು ಉಣ್ಣಬೇಕಿತ್ತೇನು? ನಾನಾಗಿದ್ರೂ ಬ್ಯಾಡ ಅಂತಿದ್ದೆ."

"ಅಂತಿದ್ದಿ," ಎಂದರು ಅಜ್ಜನವರು.

"ಮತ್ತ ಮಾರಿಕೊಂಡವ್ರದು ತಪ್ಪಿಲ್ಲೇನ್ರಿ? ಹೊಲ ಬಿಟ್ಟು ಕುಂತವ್ರದು?"

"ಐತಿ. ಯಾರು ಇಲ್ಲಂದ್ರು? ಮುದುಕಿನೂ ಅದ ಊರಾಕಿ. ಆಕಿ ಬಿಡಲಿಲ್ಲ, ಉಳದವ್ರು ಬಿಟ್ರು. ಬಿಡಾಕ ಅವರಿಗೊಂದು ನೆಪ ಬೇಕಿತ್ತು. ನೆಪ ಸಿಕ್ಕಿತು."

ಮಾಸ್ತರರು ಇನ್ನೂ ಗೊಂದಲದಲ್ಲೇ ಇದ್ದರು. ಗಣಿತದವರಾದ್ದರಿಂದ ಕೊನೆಗೆ ತಮಗೆ ತಿಳಿಯುವ ರೀತಿಯಲ್ಲಿ ಕೇಳಿದರು. "ಇಷ್ಟೆಲ್ಲ ಆಗಿ ಆ ವ್ಯಾಪಾರಿಗೆ ಕಡೀಕ ಆದ ಖರ್ಚು ಏನ್ರಿ?"

ಅಜ್ಜನವರು ಖರ್ಚು ಹೇಳಿದರು. ಅವರು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ.

ಉಗ್ರಾಣದ ಕಾಳು ಅರ್ಧ ಹೋಯಿತು. ಮರುವರ್ಷ ಸುಗ್ಗಿಗೆ ತುಂಬಿತು. ಬೋಗಣಿಗಳು ಹೋದವು; ಬೇರೆ ಕೊಂಡ. ಹಳ್ಳಿಯವರು ತಮ್ಮ ಬೆಳೆಯನ್ನು ಅವನ ಅಂಗಡಿ ದಾಟಿ ಮುಂದಿನ ಪೇಟೆಗೆ ಒಯ್ಯತೊಡಗಿದರು; ಅದಕ್ಕೂ ಅವನು ಹೊಂದಿಕೊಂಡ. ಅವನ ಹೆಂಡತಿ ತೀರಿಕೊಂಡಾಗ ಆ ಹಳ್ಳಿಯಿಂದ ಒಬ್ಬರೂ ಬರಲಿಲ್ಲ. ಸಿಟ್ಟಿನಿಂದಲ್ಲ, ಬರಬೇಕೆಂದು ಅವರಿಗೆ ಅನ್ನಿಸಲಿಲ್ಲ. ಹಳ್ಳಿಗೆ ಆದ ಖರ್ಚು ಬೇರೆ. ಆ ವರ್ಷದ ಹಿಂಗಾರಿ ಬೆಳೆ ಪೂರ್ತಿ ಹೋಯಿತು. ಚಾಚಿದ ಕೈ ಮಡಚುವುದಕ್ಕೆ ಅವರಿಗೆ ಇನ್ನೂ ಕೆಲವು ಬೆಳೆ ಬೇಕಾದವು. ಮುದುಕಿ ಆ ಬೇಸಿಗೆ ದಾಟಲಿಲ್ಲ. ಸಾಯುವಾಗ ಅವಳು ಮಕ್ಕಳಿಗೆ ಹೇಳಿದ್ದು ಒಂದೇ: ಆ ಮನೆಯಲ್ಲಿ ನಾನು ಉಂಡದ್ದು ತೀರದೆ ಉಳಿದಿದೆ.

"ಇಷ್ಟ ನೋಡಪಾ ಖರ್ಚು," ಎಂದರು ಅಜ್ಜನವರು.

ಮಾಸ್ತರರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಹಂಗಾದ್ರ ನಾಳೆ ನಾ ಏನ್ ಹೇಳ್ಲಿ ಅಜ್ಜಾರ? ಒಲಿ ಉರಸ್ರಿ ಅನ್ನಲೋ, ಆರಸ್ರಿ ಅನ್ನಲೋ?"

"ಒಲಿ ಮಾತು ನಾಳೆ ಇರಲಿ, ಇಷ್ಟು ದಿನದಾಗ ನೀ ಅವರ ಕೈಯಾಗಿಂದು ಏನ್ ಉಂಡಿ, ಅದನ್ನ ಹೇಳು," ಎಂದರು ಅಜ್ಜನವರು.

ಮಾಸ್ತರರು ತಲೆಯಿಂದ ಕೈ ತೆಗೆದು, ತಮ್ಮ ಎರಡೂ ಅಂಗೈ ನೋಡಿಕೊಂಡರು.